440.9 ಕಿಲೋ ಯುರೇನಿಯಂ: ಲೆಕ್ಕ ಸಿಕ್ಕಿದೆ, ಸರಕು ಸಿಕ್ಕಿಲ್ಲ ಏಕೆ?

2025ರ ಜೂನ್ 13ರಂದು ಇಸ್ರೇಲ್ ದಾಳಿ ಆರಂಭಿಸಿದಾಗ ಇರಾನಿನ ಬಳಿ ಶೇಕಡ 60ರ ಮಟ್ಟಕ್ಕೆ ಸಂವರ್ಧಿಸಿದ (ಅಂದರೆ ಸೀಳಬಲ್ಲ ಯುರೇನಿಯಂ-235ರ ಪಾಲನ್ನು ಅಷ್ಟಕ್ಕೆ ಏರಿಸಿದ) 440.9 ಕಿಲೋಗ್ರಾಂ ಯುರೇನಿಯಂ ಇತ್ತು ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಲೆಕ್ಕ ಕೊಟ್ಟಿತು. ದಾಳಿಯ ನಂತರ ಆ ಸರಕನ್ನು ತನ್ನ ತಪಾಸಕರು ಪರಿಶೀಲಿಸಲು ಆಗಿಲ್ಲ ಎಂದೂ ಅದೇ ಸಂಸ್ಥೆ ಹೇಳಿತು. ಈ ಎರಡು ಮಾತುಗಳನ್ನು ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ನೂರು ಗ್ರಾಮಿನ ಮಟ್ಟಿಗೆ ತೂಕ ಗೊತ್ತಿರುವವರಿಗೆ ಸರಕು ಎಲ್ಲಿದೆ ಎಂಬುದು ಹೇಗೆ ಗೊತ್ತಿಲ್ಲ? ಗೊತ್ತಿಲ್ಲ ಎಂದಾದರೆ ಈ ಅಂಕಿ ಎಲ್ಲಿಂದ ಬಂತು?

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಈ ಅಂಕಿ ತಕ್ಕಡಿಯಿಂದ ನೇರವಾಗಿ ಇಳಿದದ್ದಲ್ಲ. ಮೇ 17ಕ್ಕೆ ಸಂಸ್ಥೆಯ ಲೆಕ್ಕದಲ್ಲಿ ಇದ್ದದ್ದು 408.6 ಕಿಲೋ. ಅಲ್ಲಿಂದ ಜೂನ್ 12ರ ವರೆಗೆ ತಪಾಸಕರು ಮಾಡಿದ ಪರಿಶೀಲನೆ, ಇರಾನ್ ಒದಗಿಸಿದ ಮಾಹಿತಿ, ಆ ಸ್ಥಾವರಗಳು ಹಿಂದೆ ನಡೆದ ರೀತಿ ಇವೆಲ್ಲವನ್ನೂ ಸೇರಿಸಿ ಕಟ್ಟಿದ ಅಂದಾಜು ಅದು. ಅಂದರೆ 440.9 ಎಂಬುದು ಒಂದು ದಿನಾಂಕಕ್ಕೆ ಕಟ್ಟಿಹಾಕಿದ ಸಂಖ್ಯೆ. ಸುದ್ದಿ ಶೀರ್ಷಿಕೆಗಳಲ್ಲಿ ದಿನಾಂಕ ಕಳಚಿಬಿದ್ದು ಸಂಖ್ಯೆ ಮಾತ್ರ ಉಳಿಯಿತು. ಗೊಂದಲದ ಅರ್ಧ ಭಾಗ ಹುಟ್ಟಿದ್ದು ಅಲ್ಲಿ.

ಉಳಿದರ್ಧ ಬಿಡಿಸಬೇಕಾದರೆ ಅಣು ಸಾಮಗ್ರಿಯ ಲೆಕ್ಕಪತ್ರ ಹೇಗೆ ನಡೆಯುತ್ತದೆ, ಅದನ್ನು ಹಿಡಿದಿಡುವ ಡೇಟಾಬೇಸ್‌ಗಳನ್ನು ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡಬೇಕು. ತಪಾಸಣೆ ಎಂದೊಡನೆ ಹೆಲ್ಮೆಟ್ ಧರಿಸಿ ಸುರಂಗಕ್ಕೆ ಇಳಿಯುವ ಅಧಿಕಾರಿಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಅವರ ಕೈಯಲ್ಲಿರುವ ಪಟ್ಟಿ ಸರಿಯಿಲ್ಲದಿದ್ದರೆ ಅವರು ಯಾವುದನ್ನು ಯಾವುದಕ್ಕೆ ತಾಳೆ ನೋಡಬೇಕು?

ತಪಾಸಣೆಯ ಬುನಾದಿ ಖಾತೆಪುಸ್ತಕ

ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಜಾರಿಗೆ ಬಂದದ್ದು 1970ರಲ್ಲಿ. ಅದನ್ನು ಒಪ್ಪಿದ ಅಣ್ವಸ್ತ್ರರಹಿತ ದೇಶಗಳು ತಮ್ಮ ಎಲ್ಲ ಅಣು ಸಾಮಗ್ರಿಯನ್ನೂ ಐಎಇಎ ತಪಾಸಣೆಗೆ ತೆರೆದಿಡಬೇಕು. ಅದು ಹೇಗೆ ಎಂಬುದಕ್ಕೆ 1972ರಲ್ಲಿ ಪ್ರಕಟವಾದ ಮಾದರಿ ಒಪ್ಪಂದವೇ ಇಂದಿಗೂ ಆಧಾರ. ಪ್ರತಿ ದೇಶವೂ ತನ್ನದೇ ಲೆಕ್ಕ ವ್ಯವಸ್ಥೆ ಇಟ್ಟುಕೊಳ್ಳಬೇಕು, ಸಂಸ್ಥೆ ಆ ಲೆಕ್ಕವನ್ನು ಸ್ವತಂತ್ರವಾಗಿ ಪರಿಶೀಲಿಸಬೇಕು ಎಂಬುದು ಅದರ ತಿರುಳು.

ಪ್ರತಿ ಸ್ಥಾವರವನ್ನು ಒಂದೋ ಹಲವೋ ಲೆಕ್ಕದ ವಲಯಗಳಾಗಿ ವಿಂಗಡಿಸುತ್ತಾರೆ. ವಲಯದೊಳಕ್ಕೆ ಬಂದದ್ದು, ಹೊರಹೋದದ್ದು, ರಿಯಾಕ್ಟರಿನಲ್ಲಿ ಹೊಸದಾಗಿ ಹುಟ್ಟಿದ ಪ್ಲುಟೋನಿಯಂ, ಉರಿದು ಮುಗಿದ ಯುರೇನಿಯಂ, ತ್ಯಾಜ್ಯಕ್ಕೆ ಸೇರಿದ್ದು ಎಲ್ಲಕ್ಕೂ ಒಂದೊಂದು ಸಂಕೇತಾಕ್ಷರ ಇದೆ. ಬದಲಾವಣೆ ನಡೆದ ತಿಂಗಳು ಮುಗಿದ 30 ದಿನಗಳೊಳಗೆ ಅದರ ವರದಿಯನ್ನು ವಿಯೆನ್ನಾದ ಐಎಇಎ ಕಚೇರಿಗೆ ಕಳುಹಿಸಬೇಕು. ಕಾಲಕಾಲಕ್ಕೆ ದಾಸ್ತಾನನ್ನು ಪ್ರತ್ಯಕ್ಷವಾಗಿ ಎಣಿಸಿ ತೂಗಬೇಕು. ಅದರ ಪಟ್ಟಿಗೂ ಮತ್ತೆ 30 ದಿನಗಳ ಗಡುವು.

ಇಷ್ಟು ಕಟ್ಟುನಿಟ್ಟು ಏಕೆಂದರೆ ಅಪಾಯದ ಪ್ರಮಾಣ ಬಹಳ ಚಿಕ್ಕದು. ಹೆಚ್ಚು ಸಂವರ್ಧಿತ ಯುರೇನಿಯಂನಲ್ಲಿ ಯುರೇನಿಯಂ-235ರ ಅಂಶ 25 ಕಿಲೋ, ಪ್ಲುಟೋನಿಯಂ ಆದರೆ 8 ಕಿಲೋ. ಇಷ್ಟಿದ್ದರೆ ಒಂದು ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂಬುದು ಸಂಸ್ಥೆಯ ಅಳತೆಗೋಲು. ಇರಾನಿನ ಶೇಕಡ 60ರ ಸರಕಿನಲ್ಲಿ ಯುರೇನಿಯಂ-235 ಸುಮಾರು 264 ಕಿಲೋ ಇರಬೇಕು, ಅಂದರೆ ಅಂಥ ಹತ್ತು ಪ್ರಮಾಣಗಳಿಗೂ ಹೆಚ್ಚು. ಜಗತ್ತಿನಾದ್ಯಂತ ಸಂಸ್ಥೆ ನಿಗಾ ಇಡಬೇಕಾದ ಒಟ್ಟು ಸಾಮಗ್ರಿ ಇಂಥ ಎರಡು ಲಕ್ಷಕ್ಕೂ ಹೆಚ್ಚು ಪ್ರಮಾಣಗಳಷ್ಟಿದೆ. ಈ ರಾಶಿಯಲ್ಲಿ ಒಂದೇ ಒಂದು ಕಾಣೆಯಾದರೂ ಹೊತ್ತು ಮೀರುವ ಮುನ್ನ ಗೊತ್ತಾಗಬೇಕು. ಹೆಚ್ಚು ಸಂವರ್ಧಿತ ಯುರೇನಿಯಂಗೆ ಆ ಹೊತ್ತು ಒಂದು ತಿಂಗಳು ಮಾತ್ರ.

ಒಂದು ಸಾಲನ್ನು ಹತ್ತಿರದಿಂದ ನೋಡಿದರೆ

ಇಂಥ ವರದಿಯ ಒಂದೇ ಒಂದು ಸಾಲಿನಲ್ಲಿ ಯಾವ ವಲಯದಿಂದ ಯಾವ ವಲಯಕ್ಕೆ, ಯಾವ ದಿನ, ಬ್ಯಾಚ್‌ನ ಹೆಸರು, ಅದರಲ್ಲಿ ಎಷ್ಟು ವಸ್ತುಗಳಿವೆ, ರಾಸಾಯನಿಕ ರೂಪ ಯಾವುದು, ಧಾತುವಿನ ತೂಕ ಎಷ್ಟು, ಅದರಲ್ಲಿ ಸೀಳಬಲ್ಲ ಐಸೊಟೋಪಿನ (ಉದಾಹರಣೆಗೆ ಯುರೇನಿಯಂ-235ರ) ತೂಕ ಎಷ್ಟು, ಆ ಅಂಕಿ ಎಲ್ಲಿ ಅಳೆದದ್ದು ಎಂಬಷ್ಟು ವಿವರಗಳಿರುತ್ತವೆ. ನೋಡಲು ಯಾವುದೇ ಗೋದಾಮಿನ ಸಾಫ್ಟ್‌ವೇರ್‌ನಂತೆಯೇ. ಆದರೆ ಗೋದಾಮಿಗೆಂದು ಬರೆದ ಸಾಫ್ಟ್‌ವೇರ್ ಇಲ್ಲಿ ಮೊದಲ ವಾರವೇ ಮುಗ್ಗರಿಸುತ್ತದೆ.

ತೂಕದ ವಿಷಯವನ್ನೇ ತೆಗೆದುಕೊಳ್ಳಿ. ಸಂವರ್ಧನಾ ಸ್ಥಾವರದಲ್ಲಿ ಯುರೇನಿಯಂ ಇರುವುದು ಫ್ಲೋರಿನ್ ಜೊತೆ ಕೂಡಿದ ಸಂಯುಕ್ತವಾಗಿ, ಸಿಲಿಂಡರ್‌ಗಳಲ್ಲಿ. 440.9 ಎಂಬುದು ಅದರೊಳಗಿನ ಯುರೇನಿಯಂ ಧಾತುವಿನ ತೂಕ. ಫ್ಲೋರಿನ್ ಸೇರಿಸಿದರೆ ಅದೇ ಸರಕು ಸುಮಾರು 650 ಕಿಲೋ ತೂಗುತ್ತದೆ. ಅದರ ಮೇಲೆ ಸಿಲಿಂಡರಿನ ಕಬ್ಬಿಣದ ತೂಕ. ಆಪರೇಟರ್ ಒಂದು ಅಂಕಣಕ್ಕೆ ಧಾತುವಿನ ತೂಕದ ಬದಲು ಸಂಯುಕ್ತದ ತೂಕ ಬರೆದನೆಂದರೆ ಇದ್ದದ್ದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು ಸರಕು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ, ತಪ್ಪು ತಿರುವುಮುರುವಾದರೆ ಮೂರರಲ್ಲಿ ಒಂದು ಪಾಲು ಮಾಯವಾಗುತ್ತದೆ. ಆದ್ದರಿಂದ ಈ ಮೂರು ತೂಕಗಳಿಗೆ ಬೇರೆ ಬೇರೆ ಅಂಕಣ ಬೇಕು, ಒಂದರಿಂದ ಇನ್ನೊಂದನ್ನು ಲೆಕ್ಕಹಾಕಿ ಹೊಂದದಿದ್ದಾಗ ತಕ್ಷಣ ಎಚ್ಚರಿಸುವ ನಿಯಮವೂ ಬೇಕು.

ಸರಕು ತಾನಾಗಿಯೇ ಬದಲಾಗುತ್ತದೆ ಎಂಬುದು ಎರಡನೆಯ ತೊಡಕು. ಪ್ಲುಟೋನಿಯಂ-241 ಸುಮಾರು 14 ವರ್ಷಗಳಲ್ಲಿ ಅರ್ಧದಷ್ಟು ಅಮೆರಿಸಿಯಂ ಎಂಬ ಬೇರೆ ಧಾತು ಆಗಿಬಿಡುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಯಾರೂ ಮುಟ್ಟದ ಡಬ್ಬಿಯ ಲೆಕ್ಕವೂ ವರ್ಷದಿಂದ ವರ್ಷಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದೇ ತಪ್ಪು. ಹಾಗೆಯೇ, ಗ್ರಾಮಿನ ಲೆಕ್ಕವನ್ನು ಕಿಲೋಗಳಿಗೆ ಪೂರ್ಣಾಂಕ ಮಾಡುವಾಗ ಉದುರುವ ಚೂರುಗಳಿಗೂ ವರದಿ ವಿಧಾನದಲ್ಲಿ ಪ್ರತ್ಯೇಕ ಸಂಕೇತ ಇದೆ. ಅಷ್ಟು ಸಣ್ಣದಕ್ಕೂ ಹೆಸರಿಟ್ಟಿರುವುದು, ಹೆಸರಿಲ್ಲದ ವ್ಯತ್ಯಾಸ ಯಾವುದೂ ಉಳಿಯಕೂಡದು ಎಂಬ ಕಾರಣಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಿದ್ದುಪಡಿಯ ನಿಯಮ. ಹಳೆಯ ಸಾಲಿನಲ್ಲಿ ತಪ್ಪಿದ್ದರೆ ಅದನ್ನು ಅಳಿಸಿ ಮೇಲೆ ಬರೆಯುವುದಿಲ್ಲ. ಯಾವ ವರದಿಯ ಎಷ್ಟನೆಯ ಸಾಲನ್ನು ತಿದ್ದುತ್ತಿದ್ದೇವೆ ಎಂದು ಸೂಚಿಸಿ ಹೊಸ ಸಾಲು ಸೇರಿಸುತ್ತಾರೆ. ಹಳೆಯದು ಹಾಗೆಯೇ ಉಳಿಯುತ್ತದೆ. ಈ ಒಂದು ನಿಯಮವನ್ನು ಸಡಿಲಿಸಿದ ಡೇಟಾಬೇಸ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ತಪಾಸಣೆಗೆ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ತಪಾಸಕನಿಗೆ ಇಂದಿನ ದಾಸ್ತಾನು ಎಷ್ಟು ಮುಖ್ಯವೋ, ಮಾರ್ಚ್ ತಿಂಗಳಲ್ಲಿ ಆ ದೇಶ ಏನೆಂದು ಹೇಳಿಕೊಂಡಿತ್ತು, ಅದನ್ನು ಯಾವಾಗ ಬದಲಾಯಿಸಿತು ಎಂಬುದೂ ಅಷ್ಟೇ ಮುಖ್ಯ. ಘಟನೆ ನಡೆದ ದಿನ, ಅದು ದಾಖಲಾದ ದಿನ ಇವೆರಡನ್ನೂ ಬೇರೆಬೇರೆಯಾಗಿ ಇಡಬೇಕಾದದ್ದು ಇದಕ್ಕಾಗಿ.

ಕೂಡಿ ಕಳೆದ ಮೇಲೆ ಉಳಿಯುವ ವ್ಯತ್ಯಾಸ

ಹಿಂದಿನ ದಾಸ್ತಾನಿಗೆ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದು, ಈಗ ತೂಗಿದಾಗ ಸಿಕ್ಕಿದ್ದರೊಂದಿಗೆ ಹೋಲಿಸಿದರೆ ಉತ್ತರ ಸೊನ್ನೆ ಬರಬೇಕಲ್ಲವೇ? ಪುಡಿ, ದ್ರಾವಣ, ಅನಿಲಗಳೊಂದಿಗೆ ಕೆಲಸ ಮಾಡುವ ಸ್ಥಾವರದಲ್ಲಿ ಅದು ಸೊನ್ನೆ ಬರುವುದೇ ಇಲ್ಲ. ಅಕ್ಕಸಾಲಿಗನ ಅಂಗಡಿಯ ನೆಲದಲ್ಲಿ, ಕುಲುಮೆಯಲ್ಲಿ, ಅರದ ಹಲ್ಲುಗಳಲ್ಲಿ ಚಿನ್ನದ ಪುಡಿ ಸಿಕ್ಕಿಕೊಂಡಿರುವ ಹಾಗೆ ಇಲ್ಲಿಯೂ ಪೈಪುಗಳಲ್ಲಿ, ಫಿಲ್ಟರ್‌ಗಳಲ್ಲಿ ಸಾಮಗ್ರಿ ಉಳಿದುಕೊಳ್ಳುತ್ತದೆ. ಅಳತೆಯ ಉಪಕರಣಗಳಿಗೂ ಅವುಗಳದೇ ಮಿತಿ ಇದೆ.

ಹಾಗಾಗಿ ವ್ಯತ್ಯಾಸ ಇದೆಯೇ ಎಂದು ಕೇಳಿದರೆ ಪ್ರಯೋಜನವಿಲ್ಲ, ಅದು ಅಳತೆಯ ಅನಿಶ್ಚಿತತೆಯ ಮಿತಿಯೊಳಗಿದೆಯೇ ಎಂದು ಕೇಳಬೇಕು. ಇದಕ್ಕೆ ಉತ್ತರಿಸಬೇಕಾದರೆ ಡೇಟಾಬೇಸ್‌ನಲ್ಲಿ ಪ್ರತಿ ಅಳತೆಯ ಜೊತೆಗೆ ಅದರ ಸಂಭಾವ್ಯ ದೋಷದ ಪ್ರಮಾಣವೂ ದಾಖಲಾಗಿರಬೇಕು. ಎಷ್ಟೋ ವ್ಯವಸ್ಥೆಗಳನ್ನು ರೂಪಿಸುವಾಗ ಎಂಜಿನಿಯರ್‌ಗಳು ಬಿಟ್ಟುಬಿಡುವ ಅಂಕಣ ಇದೇ. ಸಂಖ್ಯೆಯನ್ನು ಮಾತ್ರ ಇಟ್ಟರೆ, ಎರಡು ಕಿಲೋ ಕೊರತೆ ಕಂಡಾಗ ಗಾಬರಿಪಡಬೇಕೋ ಸುಮ್ಮನಿರಬೇಕೋ ಯಾರಿಗೂ ತಿಳಿಯುವುದಿಲ್ಲ.

ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಜಪಾನಿನ ಟೋಕಾಯ್ ಮರುಸಂಸ್ಕರಣಾ ಸ್ಥಾವರದಲ್ಲಿ ಕಾಲು ಶತಮಾನದಲ್ಲಿ ಒಟ್ಟು 206 ಕಿಲೋ ಪ್ಲುಟೋನಿಯಂ ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು 2003ರಲ್ಲಿ ಪ್ರಕಟವಾದಾಗ ದೊಡ್ಡ ಗುಲ್ಲೆದ್ದಿತು. ತ್ಯಾಜ್ಯದ್ರಾವಣಕ್ಕೆ ಸೇರಿದ್ದು, ಇಂಧನ ಕೊಳವೆಗಳ ತುಂಡುಗಳಿಗೆ ಅಂಟಿದ್ದು, ಅಮೆರಿಸಿಯಂ ಆಗಿ ಬದಲಾದದ್ದು ಎಂದು ವಿವರಿಸುತ್ತ ಹೋಗಿ ಕೊನೆಗೆ ಕೊರತೆ 59 ಕಿಲೋಗೆ ಇಳಿಯಿತು. ಕಳ್ಳತನದ ಸುಳಿವು ಸಿಗಲಿಲ್ಲ. ಆದರೆ ವಿವರಣೆಗೆ ಬೇಕಾದ ಲೆಕ್ಕವನ್ನು ಆಗಿಂದಾಗ್ಗೆ ಮಾಡಿದ್ದರೆ ಆ ಗುಲ್ಲೇ ಏಳುತ್ತಿರಲಿಲ್ಲ.

ಬ್ರಿಟನ್ನಿನ ಸೆಲ್ಲಾಫೀಲ್ಡ್‌ನಲ್ಲಿ 2005ರಲ್ಲಿ ನಡೆದದ್ದು ಇನ್ನೂ ಕಣ್ತೆರೆಸುವಂಥದ್ದು. ಥಾರ್ಪ್ ಎಂಬ ಮರುಸಂಸ್ಕರಣಾ ಸ್ಥಾವರದಲ್ಲಿ ಒಂದು ಪೈಪು ಒಡೆದು ತಿಂಗಳುಗಟ್ಟಲೆ ಇಂಧನ ದ್ರಾವಣ ಸೋರುತ್ತಿತ್ತು. ಒಟ್ಟು 83 ಘನಮೀಟರ್, ಅದರಲ್ಲಿ ಸುಮಾರು 160 ಕಿಲೋ ಪ್ಲುಟೋನಿಯಂ. ಮನುಷ್ಯರು ಹೋಗಲಾಗದ ಮುಚ್ಚಿದ ಕಾಂಕ್ರೀಟ್ ಕೋಣೆಯೊಳಗೆ ಸೋರಿದ್ದರಿಂದ ಹೊರಗೆ ಹಾನಿಯಾಗಲಿಲ್ಲ, ಆದರೆ ಯಾರ ಗಮನಕ್ಕೂ ಬರಲಿಲ್ಲ. ಕಳುಹಿಸಿದ ಲೆಕ್ಕಕ್ಕೂ ಬಂದು ಸೇರಿದ ಲೆಕ್ಕಕ್ಕೂ ಹೊಂದಾಣಿಕೆ ಆಗುತ್ತಿಲ್ಲ ಎಂದು ಲೆಕ್ಕಪತ್ರ ವಿಭಾಗ ತೋರಿಸಿದ ಮೇಲೆಯೇ ಕ್ಯಾಮೆರಾ ಇಳಿಸಿ ನೋಡಿದ್ದು. ಅಣ್ವಸ್ತ್ರ ತಡೆಯಲೆಂದು ಇಟ್ಟ ಖಾತೆ ಸೋರುವ ಪೈಪನ್ನು ಪತ್ತೆಹಚ್ಚಿತು.

ಸರ್ಕಾರ ಹೇಳಿದ್ದು, ತಪಾಸಕ ಕಂಡದ್ದು

ದೇಶವೊಂದು ಕೊಟ್ಟ ಹೇಳಿಕೆ ಮತ್ತು ತಪಾಸಕರು ಸ್ವತಃ ಕಂಡುಕೊಂಡ ಸಂಗತಿ ಡೇಟಾಬೇಸ್‌ನಲ್ಲಿ ಎಂದೂ ಬೆರೆಯಕೂಡದು. ಇದಕ್ಕೆ ಉತ್ತರ ಕೊರಿಯಾಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1992ರಲ್ಲಿ ಆ ದೇಶ, ತಾನು 1990ರಲ್ಲಿ ಒಂದೇ ಸಲ ಸುಮಾರು 90 ಗ್ರಾಂ ಪ್ಲುಟೋನಿಯಂ ಬೇರ್ಪಡಿಸಿದ್ದಾಗಿ ಘೋಷಿಸಿತು. ತಪಾಸಕರು ತಂದ ಮಾದರಿಗಳಲ್ಲಿ, ಬೇರ್ಪಡಿಸಿ ಎಷ್ಟು ಕಾಲವಾಯಿತೆಂದು ಹೇಳುವ ಅಮೆರಿಸಿಯಂ ಪ್ರಮಾಣ ಅಳೆದಾಗ ಬೇರ್ಪಡಿಸುವ ಕೆಲಸ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ವರ್ಷಗಳಲ್ಲಿ ನಡೆದಿದೆ ಎಂದು ತಿಳಿಯಿತು. ಘೋಷಣೆಯ ಮೊತ್ತ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಅದನ್ನು ಸುಳ್ಳೆಂದು ತೋರಿಸಿದ್ದು ಪಕ್ಕದಲ್ಲಿಟ್ಟು ಹೋಲಿಸಬಹುದಾದ ಸ್ವತಂತ್ರ ಅಳತೆ.

ಸಾಫ್ಟ್‌ವೇರ್ ತಾನೇ ಕೈಕೊಟ್ಟ ಪ್ರಸಂಗವೂ ಇದೆ. ಸೋವಿಯತ್ ಒಕ್ಕೂಟ ಕುಸಿದ ನಂತರ ರಷ್ಯಾದ ಅಣು ಸಾಮಗ್ರಿ ಕೈತಪ್ಪದಿರಲೆಂದು ಅಮೆರಿಕ ನೆರವು ನೀಡಿತು. ಅದರ ಭಾಗವಾಗಿ ಲಾಸ್ ಅಲಮೋಸ್ ಪ್ರಯೋಗಾಲಯದ ಲೆಕ್ಕ ವ್ಯವಸ್ಥೆ ಮಾಸ್ಕೋದ ಕುರ್ಚಟೋವ್ ಅಣು ಸಂಶೋಧನಾ ಸಂಸ್ಥೆಗೆ ಹೋಯಿತು. ಅದು ಕುಳಿತಿದ್ದದ್ದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಮೇಲೆ. ಬಳಸುತ್ತ ಹೋದಂತೆ ಕೆಲವು ಕಡತಗಳು ಲೆಕ್ಕಿಗರ ಕಣ್ಣಿಗೆ ಕಾಣದಂತಾಗುತ್ತವೆ, ಆದರೆ ಡೇಟಾಬೇಸ್‌ನ ಒಳಗೆ ಇದ್ದೇ ಇರುತ್ತವೆ ಎಂಬ ದೋಷವನ್ನು ರಷ್ಯನ್ನರು ಪತ್ತೆ ಮಾಡಿದರು ಎಂದು ಅಮೆರಿಕದ ಅಣ್ವಸ್ತ್ರ ತಜ್ಞ ಬ್ರೂಸ್ ಬ್ಲೇರ್ 2001ರಲ್ಲಿ ಬಹಿರಂಗವಾಗಿ ಬರೆದರು. ಕಾಣದ ಕಡತ ಯಾವುದೆಂದು ಬಲ್ಲ ಒಳಗಿನವನೊಬ್ಬ ಅದಕ್ಕೆ ಸೇರಿದ ಸಾಮಗ್ರಿಯನ್ನೇ ಸಾಗಿಸಬಹುದಿತ್ತು ಎಂಬುದು ಅವರ ಆತಂಕ.

ಈ ಪ್ರಸಂಗದಿಂದ ಹೊರಡುವ ವಿನ್ಯಾಸದ ನಿಯಮ ಸರಳ. ಪರದೆಯ ಮೇಲೆ ತೋರಿದ ಪಟ್ಟಿಯನ್ನು ಪೂರ್ಣ ಪಟ್ಟಿ ಎಂದು ನಂಬಬಾರದು. ಒಟ್ಟು ಸಾಲುಗಳ ಎಣಿಕೆ, ಒಟ್ಟು ತೂಕ ಇವನ್ನು ಬೇರೊಂದು ದಾರಿಯಿಂದ ಸ್ವತಂತ್ರವಾಗಿ ಲೆಕ್ಕಹಾಕಿ ಹೋಲಿಸುತ್ತಲೇ ಇರಬೇಕು. ದಾಖಲೆ ಬರೆಯುವವನು ಮತ್ತು ಒಪ್ಪಿಗೆ ಕೊಡುವವನು ಒಬ್ಬನೇ ಆಗಿರಬಾರದು.

ಗೋಪ್ಯವೋ, ಹಂಚಿಕೆಯೋ?

ಇಲ್ಲಿ ವಾದಗಳು ಕವಲೊಡೆಯುತ್ತವೆ. ದೇಶಗಳ ಕಡೆಯಿಂದ ಬರುವ ಆಕ್ಷೇಪ ಹಗುರವಾದದ್ದಲ್ಲ. ಯಾವ ಕಟ್ಟಡದಲ್ಲಿ, ಯಾವ ಸಿಲಿಂಡರಿನಲ್ಲಿ ಎಷ್ಟಿದೆ ಎಂಬ ನಿಖರ ಪಟ್ಟಿ ಶತ್ರುವಿನ ಕೈಗೆ ಸಿಕ್ಕರೆ ಅದೇ ಬಾಂಬ್ ಹಾಕುವ ನಕ್ಷೆ. ಇರಾನಿನ ನಾಯಕರು 2025ರ ದಾಳಿಯ ನಂತರ ಸಂಸ್ಥೆಯ ಮೇಲೆ ಪಕ್ಷಪಾತದ, ಮಾಹಿತಿ ಸೋರಿಕೆಯ ಆರೋಪ ಹೊರಿಸಿದರು, ಜುಲೈನಲ್ಲಿ ಸಹಕಾರ ಸ್ಥಗಿತಗೊಳಿಸುವ ಕಾನೂನು ತಂದರು. ಬಾಂಬ್ ಬಿದ್ದ ಜಾಗವನ್ನು ತಪಾಸಣೆ ಮಾಡುವ ವಿಧಾನ ಒಪ್ಪಂದದಲ್ಲಿ ಇಲ್ಲ ಎಂಬುದು ಅವರ ಇನ್ನೊಂದು ವಾದ. ಒಪ್ಪಂದ ಜಾರಿಯಲ್ಲಿದೆ, ಸಾಮಗ್ರಿಗೆ ಏನಾಯಿತೆಂದು ವಿಶೇಷ ವರದಿ ಕೊಡುವ ಹೊಣೆ ಇರಾನಿನದು ಎಂಬುದು ಸಂಸ್ಥೆಯ ನಿಲುವು.

ದಾಳಿಗೆ ಒಳಗಾದ ದೇಶದ ಭಯ ಅರ್ಥವಾಗುವಂಥದ್ದು. ಆದರೆ ಲೆಕ್ಕ ನಿಲ್ಲಿಸಿದ ಮಾತ್ರಕ್ಕೆ ಆ ಭಯಕ್ಕೆ ಪರಿಹಾರ ಸಿಗುವುದಿಲ್ಲ. ಲೆಕ್ಕ ನಿಂತೊಡನೆ ಎದುರಾಳಿ ಅತಿ ಕೆಟ್ಟ ಊಹೆಯನ್ನೇ ನಿಜವೆಂದು ಹಿಡಿದು ನಡೆಯುತ್ತಾನೆ. ಮಾಹಿತಿಯನ್ನು ಹಂತಹಂತವಾಗಿ ತೆರೆಯುವ ವಿನ್ಯಾಸ, ಯಾರು ಯಾವ ಸಾಲನ್ನು ಯಾವಾಗ ನೋಡಿದರು ಎಂಬುದೂ ಅಳಿಸಲಾಗದಂತೆ ದಾಖಲಾಗುವ ವ್ಯವಸ್ಥೆ ಇವುಗಳಲ್ಲಿ ಉತ್ತರ ಹುಡುಕಬೇಕು.

ಐಎಇಎ ಈ ದಿಕ್ಕಿನಲ್ಲಿ ಸ್ವಲ್ಪ ದೂರ ಬಂದಿದೆ. ದಶಕಗಳಷ್ಟು ಹಳೆಯ ಮೇನ್‌ಫ್ರೇಮ್ ವ್ಯವಸ್ಥೆಯನ್ನು ಬದಲಿಸುವ ಮೊಸಾಯಿಕ್ ಯೋಜನೆಯನ್ನು ಅದು 2018ರಲ್ಲಿ ಮುಗಿಸಿತು. ಫಿನ್ಲೆಂಡಿನ ವಿಕಿರಣ ಸುರಕ್ಷತಾ ಪ್ರಾಧಿಕಾರ, ಅಮೆರಿಕದ ಸ್ಟಿಮ್ಸನ್ ಸೆಂಟರ್ ಮತ್ತು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ ಸೇರಿ 2020ರಲ್ಲಿ ಸ್ಲಾಫ್ಕಾ ಎಂಬ ಬ್ಲಾಕ್‌ಚೈನ್ ಮಾದರಿಯನ್ನು ಮುಂದಿಟ್ಟವು. ಬರೆದದ್ದನ್ನು ಗುಟ್ಟಾಗಿ ತಿದ್ದಲಾಗದು ಎಂಬುದು ಅದರ ಬಲ. ಆದರೆ ಮೊದಲ ಸಲ ಬರೆಯುವಾಗಲೇ ಸುಳ್ಳು ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಭದ್ರವಾಗಿ ಕಾಪಾಡುತ್ತದೆ. ಉತ್ತರ ಕೊರಿಯಾದ ಮೇಲೆ ಅದು ಏನೂ ಮಾಡಲಾಗುತ್ತಿರಲಿಲ್ಲ.

ಕೈಗಾ ಏಕೆ ಆ ಪಟ್ಟಿಯಲ್ಲಿಲ್ಲ

ಭಾರತ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅಮೆರಿಕದೊಂದಿಗಿನ ಅಣು ಒಪ್ಪಂದದ ಭಾಗವಾಗಿ, ತಾನೇ ಗುರುತಿಸಿದ ನಾಗರಿಕ ಸ್ಥಾವರಗಳನ್ನು ಮಾತ್ರ ತಪಾಸಣೆಗೆ ಒಪ್ಪಿಸಿದೆ. ಅದಕ್ಕಾಗಿ ಐಎಇಎ ಜೊತೆ ಮಾಡಿಕೊಂಡ ತಪಾಸಣಾ ಒಪ್ಪಂದ 2009ರಲ್ಲಿ ಜಾರಿಗೆ ಬಂತು. 2006ರ ವಿಂಗಡಣಾ ಯೋಜನೆಯಲ್ಲಿ ತಾರಾಪುರದ ಮೊದಲೆರಡು ಘಟಕಗಳು, ರಾಜಸ್ಥಾನ, ಕೂಡಂಕುಳಂ, ಕಾಕ್ರಪಾರ್, ನರೋರಾ ಇದ್ದವು. ಉತ್ತರ ಕನ್ನಡದ ಕೈಗಾ ಇರಲಿಲ್ಲ. ಮೈಸೂರು ಬಳಿಯ ರತ್ನಹಳ್ಳಿಯ ಸಂವರ್ಧನಾ ಘಟಕವೂ ತಪಾಸಣೆಯ ಹೊರಗೇ ಇದೆ. ಹೀಗಾಗಿ ನಮ್ಮಲ್ಲಿ ಎರಡು ಲೆಕ್ಕಗಳು ಏಕಕಾಲಕ್ಕೆ ನಡೆಯುತ್ತವೆ. ಆಮದಾದ ಯುರೇನಿಯಂ ತಪಾಸಣೆಗೆ ಒಳಪಟ್ಟ ಸ್ಥಾವರಗಳಲ್ಲಿಯೇ ಉರಿಯಬೇಕು, ದೇಶೀ ಯುರೇನಿಯಂಗೆ ಆ ಕಟ್ಟಿಲ್ಲ.

ಇದು ಡೇಟಾಬೇಸ್‌ನ ಮೇಲೆ ಹೊಸ ಹೊರೆ ಹೇರುತ್ತದೆ. ಸರಕು ಮಾರಿದ ದೇಶ ತನ್ನ ಯುರೇನಿಯಂ ಎಲ್ಲಿದೆ ಎಂದು ಕೇಳಬಹುದು. ಆದರೆ ಕರಗಿಸಿ ಬೆರೆಸಿದ ಮೇಲೆ ಪರಮಾಣುಗಳ ಮೇಲೆ ದೇಶದ ಮುದ್ರೆ ಇರುವುದಿಲ್ಲ. ಆದ್ದರಿಂದ ಬೆರೆತ ರಾಶಿಯಲ್ಲಿ ಪ್ರತಿ ದೇಶಕ್ಕೂ ಅದು ಕೊಟ್ಟ ಪಾಲಿನಷ್ಟನ್ನು ಖಾತೆಯಲ್ಲಿ ಮೀಸಲಿಟ್ಟು, ಮುಂದಿನ ಪ್ರತಿ ಹಂತದಲ್ಲಿಯೂ ಅದೇ ಅನುಪಾತದಲ್ಲಿ ಇಳಿಸುತ್ತ ಹೋಗುತ್ತಾರೆ. 2014ರಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ಒಪ್ಪಂದ ಮಾಡಿಕೊಂಡಾಗ, ಈ ಲೆಕ್ಕವನ್ನು ಭಾರತ ಒಪ್ಪಿಸಬೇಕೆಂಬ ಷರತ್ತು ಸಾಕಷ್ಟು ಗಟ್ಟಿಯಾಗಿಲ್ಲ ಎಂದು ಆಸ್ಟ್ರೇಲಿಯಾದ ತಪಾಸಣಾ ಕಚೇರಿಯ ಮಾಜಿ ಮುಖ್ಯಸ್ಥ ಜಾನ್ ಕಾರ್ಲ್‌ಸನ್ ಟೀಕಿಸಿದ್ದರು. ಐಎಇಎ ತಪಾಸಣೆಯೇ ಸಾಲದೇ, ಪ್ರತಿ ಮಾರಾಟಗಾರನಿಗೂ ಬೇರೆ ಲೆಕ್ಕ ಏಕೆ ಎಂಬುದು ಭಾರತದ ಕಡೆಯ ವಾದ. ಎರಡು ಕಡೆಯೂ ಹುರುಳಿದೆ. ಸಾಫ್ಟ್‌ವೇರ್‌ನಲ್ಲಿ ಒಂದು ಅಂಕಣ ಸೇರಿಸುವುದು ಕಷ್ಟವಲ್ಲ, ಅದನ್ನು ಯಾರಿಗೆ ತೋರಿಸಬೇಕೆಂಬುದೇ ಕಷ್ಟ.

ತಪಾಸಕರು ಮತ್ತೆ ಒಳಹೊಕ್ಕಾಗ

ತಪಾಸಕರು ಇಲ್ಲದ ಹೊತ್ತಿನಲ್ಲಿ ಕಣ್ಣಿನ ಕೆಲಸ ಮಾಡುವುದು ಕ್ಯಾಮೆರಾ ಮತ್ತು ಮೊಹರು. ಮೊಹರು ಒಡೆಯದೆ ಇದ್ದರೆ, ಕ್ಯಾಮೆರಾದ ದಾಖಲೆ ಮುರಿಯದೆ ಇದ್ದರೆ ಹಿಂದಿನ ತೂಕವನ್ನೇ ಇಂದಿಗೂ ನಂಬಬಹುದು. ಆ ಕೊಂಡಿ ತುಂಡಾದ ಕ್ಷಣದಿಂದ ಡೇಟಾಬೇಸ್‌ನ ಪ್ರತಿ ಸಾಲೂ ಹಳಸುತ್ತ ಹೋಗುತ್ತದೆ. ಇರಾನಿನಲ್ಲಿ ಅದು ಮೊದಲೇ ಶುರುವಾಗಿತ್ತು. 2022ರ ಜೂನ್‌ನಲ್ಲಿ ಸಂಸ್ಥೆಯ 27 ಕ್ಯಾಮೆರಾಗಳನ್ನು ತೆಗೆಸಿದ ಮೇಲೆ ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್ ಯಂತ್ರಗಳ ತಯಾರಿಕೆಯ ಮೇಲೆ ನಿಗಾ ಕಳೆದುಹೋಯಿತು. 2025ರ ನಂತರ ಯುರೇನಿಯಂ ದಾಸ್ತಾನಿಗೂ ಅದೇ ಸ್ಥಿತಿ ಬಂತು. ಒಂದು ತಿಂಗಳಿಗೊಮ್ಮೆ ಪರಿಶೀಲಿಸಬೇಕಾದ ಸರಕು ತಿಂಗಳುಗಟ್ಟಲೆ ಕಣ್ಣಿಗೆ ಬೀಳಲಿಲ್ಲ.

ಪೂರ್ಣ ತಪಾಸಣೆಗೆ ಅವಕಾಶ ಸಿಕ್ಕ ದಿನ ಮಾಡಬೇಕಾದ ಕೆಲಸ ಇದು: ಸಿಲಿಂಡರ್‌ಗಳನ್ನು ಒಂದೊಂದಾಗಿ ಗುರುತಿಸುವುದು, ತೂಗುವುದು, ಗಾಮಾ ಕಿರಣಗಳಿಂದ ಸಂವರ್ಧನೆಯ ಮಟ್ಟ ಅಳೆಯುವುದು, ಮಾದರಿಗಳನ್ನು ಆಸ್ಟ್ರಿಯಾದ ಸೈಬರ್ಸ್‌ಡಾರ್ಫ್ ಪ್ರಯೋಗಾಲಯಕ್ಕೆ ಕಳುಹಿಸುವುದು, ಸಿಕ್ಕಿದ ಮೊತ್ತವನ್ನು 440.9ರ ಎದುರು ನಿಲ್ಲಿಸುವುದು. 420 ಸಿಕ್ಕಿತೆಂದು ಊಹಿಸಿ. ಉಳಿದ ಇಪ್ಪತ್ತು ಕಿಲೋ ಬಾಂಬ್ ಬಿದ್ದ ಸುರಂಗದ ಅವಶೇಷದೊಳಗೆ ಇರಬಹುದು. ಮೂಲ ಅಂದಾಜಿನಲ್ಲಿಯೇ ಒಂದಿಷ್ಟು ದೋಷ ಇದ್ದಿರಬಹುದು. ಯಾರೋ ಎತ್ತಿಟ್ಟಿರಬಹುದು. ಇಂದಿನ ತೂಕವೊಂದೇ ಈ ಮೂರರಲ್ಲಿ ಯಾವುದು ಸರಿ ಎಂದು ಹೇಳಲಾರದು.

ದಕ್ಷಿಣ ಆಫ್ರಿಕಾದಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ಆ ದೇಶ ತಾನು ಆರು ಬಾಂಬುಗಳನ್ನು ತಯಾರಿಸಿ ಬಿಚ್ಚಿಹಾಕಿದ್ದಾಗಿ 1993ರಲ್ಲಿ ಒಪ್ಪಿಕೊಂಡ ಮೇಲೆ, ಸಂವರ್ಧನಾ ಸ್ಥಾವರದ ಹಳೆಯ ಕಾರ್ಯಾಚರಣೆಯ ದಾಖಲೆಗಳನ್ನು ಕೆದಕಿ, ಎಷ್ಟು ತಯಾರಾಗಿರಬಹುದು ಎಂದು ಮರುಲೆಕ್ಕ ಹಾಕಿ, ಘೋಷಣೆಗೂ ಅದಕ್ಕೂ ಇರುವ ವ್ಯತ್ಯಾಸ ಒಪ್ಪುವಂಥದ್ದೇ ಎಂದು ತಪಾಸಕರು ತೀರ್ಮಾನಕ್ಕೆ ಬಂದರು. ಅದು ಸಾಧ್ಯವಾದದ್ದು ಆ ದಾಖಲೆಗಳನ್ನು ಯಾರೂ ಸುಡದೆ ಉಳಿಸಿದ್ದರಿಂದ, ಸರ್ಕಾರವೇ ಅವನ್ನು ತಂದು ಮುಂದಿಟ್ಟಿದ್ದರಿಂದ. ಲೆಕ್ಕದ ದಾಖಲೆಗಳನ್ನು ಕನಿಷ್ಠ ಐದು ವರ್ಷ ಉಳಿಸಬೇಕೆಂದು ಮಾದರಿ ಒಪ್ಪಂದ ಹೇಳುತ್ತದೆ. ಇರಾನಿನ ನತಾಂಜ್ ಮತ್ತು ಫೋರ್ಡೊ ಸಂವರ್ಧನಾ ಸ್ಥಾವರಗಳ ದಿನಚರಿ ಪುಸ್ತಕಗಳು, ಸರ್ವರ್‌ಗಳ ಪ್ರತಿಗಳು ದಾಳಿಯಲ್ಲಿ ಉಳಿದಿದ್ದರೆ ಅವು ಇರುವುದು ಇರಾನಿನ ವಶದಲ್ಲಿ. ಸಿಲಿಂಡರ್‌ಗಳನ್ನು ತೋರಿಸಿ ಎಂಬ ಒತ್ತಾಯ ಜೋರಾಗಿಯೇ ಕೇಳಿಬರುತ್ತಿದೆ. ಆ ದಾಖಲೆಗಳನ್ನು ಈಗಿನಿಂದಲೇ ಮೊಹರು ಮಾಡಿ ಕಾಪಾಡುವ ಒಪ್ಪಂದವೂ ಅಷ್ಟೇ ತುರ್ತಾಗಿ ಆಗಬೇಕು. ತೂಕದಲ್ಲಿ ಕೊರತೆ ಕಂಡರೆ ಅದರ ಕಾರಣ ಹುಡುಕಲು ಉಳಿಯುವ ಮುಖ್ಯ ದಾರಿ ಅದೇ.